ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ ಹಾಡು: ಎಎಂ ರೇಡಿಯೊ ಮತ್ತು ಅಮೆರಿಕದ ಕಂಟ್ರಿ ಸಂಗೀತ

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಊರಿನ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರಕ್ಕೆ 2025ರ ಅಕ್ಟೋಬರ್ 5ಕ್ಕೆ ನೂರು ವರ್ಷ ತುಂಬಿತು. ಅದೇ ನವೆಂಬರ್ 28ಕ್ಕೆ ಆ ಕೇಂದ್ರದ ಶನಿವಾರ ರಾತ್ರಿಯ ಕಂಟ್ರಿ ಸಂಗೀತದ, ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡುಗಳ ಕಾರ್ಯಕ್ರಮ ‘ಗ್ರ್ಯಾಂಡ್ ಓಲ್ ಆಪ್ರಿ’ಗೂ ನೂರಾಯಿತು. ಇತ್ತ ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ಬ್ಯಾಂಡೇ ಇಲ್ಲವಲ್ಲ ಎಂದು 2023ರಿಂದ ಅಮೆರಿಕದಲ್ಲಿ ಗಲಾಟೆ ನಡೆದಿದೆ. ಎಲ್ಲ ಕಾರುಗಳಲ್ಲೂ ಎಎಂ ಕಡ್ಡಾಯ ಮಾಡಿ ಎನ್ನುವ ಮಸೂದೆ ಆ ವರ್ಷ ಅಲ್ಲಿನ ಸಂಸತ್ತಿಗೆ ಬಂತು.

ಈ ಮಾತು ಬಂದಾಗಲೆಲ್ಲ ಅಲ್ಲಿನ ಹಿರಿಯರು ಹೇಳುವ ನೆನಪು ಹೆಚ್ಚುಕಡಿಮೆ ಒಂದೇ. ಶನಿವಾರ ರಾತ್ರಿ. ಎಲ್ಲೋ ದೂರದ ಕೇಂದ್ರ. ಪಿಟೀಲು, ಬ್ಯಾಂಜೊ, ಹಾಡು. ದನಿ ಹತ್ತಿರ ಬಂದು ಮತ್ತೆ ದೂರ ಸರಿಯುವುದು, ನಡುವೆ ಕರಕರ ಸದ್ದು. ಬ್ಯಾಟರಿ ಮುಗಿದೀತು ಎಂದು ಹಾಡು ನಿಂತ ಕೂಡಲೇ ಸೆಟ್ ಆರಿಸುವುದು.

ಇದು ಬರೀ ಭಾವುಕತೆ ಅನ್ನಿಸಬಹುದು. ಆದರೆ ಈ ನೆನಪಿನ ಒಂದೊಂದು ತುಣುಕಿಗೂ ಗಟ್ಟಿಯಾದ ಕಾರಣವಿದೆ. ರಾತ್ರಿಯೇ ಏಕೆ, ದೂರದಿಂದಲೇ ಏಕೆ, ದನಿ ತೇಲುವುದೇಕೆ ಎಂದು ಬಿಡಿಸುತ್ತ ಹೋದರೆ ಎಎಂ ರೇಡಿಯೊ ಎಂದರೇನು ಎನ್ನುವುದೂ ತಾನಾಗಿ ತಿಳಿಯುತ್ತದೆ.

ಎಎಂ ಎಂದರೆ ನಮ್ಮ ಮೀಡಿಯಂ ವೇವ್

ಅಮೆರಿಕದವರು ‘ಎಎಂ’ ಎನ್ನುವ ಬ್ಯಾಂಡನ್ನೇ ನಾವು ‘ಮೀಡಿಯಂ ವೇವ್’ ಎನ್ನುತ್ತೇವೆ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್, ಧಾರವಾಡದ 765 ಇರುವುದು ಇದರಲ್ಲೇ. ಡಬ್ಲ್ಯುಎಸ್‌ಎಂ ಇರುವುದು 650ರಲ್ಲಿ. ಅಂದರೆ ಮುಳ್ಳು ಬೆಂಗಳೂರಿನಿಂದ ಒಂದು ಕೂದಲೆಳೆ ಪಕ್ಕಕ್ಕೆ.

ಕೇಂದ್ರ ಸದಾ ಒಂದೇ ವೇಗದಲ್ಲಿ ಕಂಪಿಸುವ ಅಲೆಯೊಂದನ್ನು ಬಿಡುತ್ತಿರುತ್ತದೆ. 650 ಕಿಲೊಹರ್ಟ್ಸ್ ಎಂದರೆ ಸೆಕೆಂಡಿಗೆ 6,50,000 ಕಂಪನ, ಇದೇ ಅದರ ಆವರ್ತನ. ಈ ಅಲೆಯನ್ನು ‘ಹೊರುವ ಅಲೆ’ ಎನ್ನೋಣ. ಹಾಡಿನ ಏರಿಳಿತಕ್ಕೆ ತಕ್ಕಂತೆ ಈ ಅಲೆಯ ಎತ್ತರವನ್ನು ಹೆಚ್ಚು ಕಡಿಮೆ ಮಾಡಿದರೆ ಅದು ಎಎಂ. ಎತ್ತರವನ್ನು ಹಾಗೇ ಬಿಟ್ಟು ಕಂಪನದ ವೇಗವನ್ನು ಚೂರು ಹೆಚ್ಚು ಕಡಿಮೆ ಮಾಡಿದರೆ ಎಫ್‌ಎಂ. ಕತ್ತಲಲ್ಲಿ ದೂರದವರಿಗೆ ಟಾರ್ಚಿನಿಂದ ಸನ್ನೆ ಮಾಡುವಾಗ ಬೆಳಕನ್ನು ಪ್ರಖರ, ಮಂಕು ಮಾಡುವುದು ಎಎಂ ರೀತಿ, ಬಣ್ಣ ಬದಲಿಸುವುದು ಎಫ್‌ಎಂ ರೀತಿ.

ಕರಕರ ಸದ್ದಿನ ಮೂಲವೂ ಇಲ್ಲೇ ಇದೆ. ನೂರಾರು ಮೈಲಿ ಆಚೆ ಮಿಂಚು ಹೊಡೆದರೂ ಅದರಿಂದ ರೇಡಿಯೊ ಅಲೆ ಹೊರಡುತ್ತದೆ, ಬಂದು ಈ ಹೊರುವ ಅಲೆಯ ಎತ್ತರವನ್ನು ಕೆಡಿಸುತ್ತದೆ. ರೇಡಿಯೊ ಓದುವುದೇ ಎತ್ತರವನ್ನು. ಮಿಂಚಿನದು ಯಾವುದು, ಹಾಡಿನದು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ, ಎರಡನ್ನೂ ಸ್ಪೀಕರಿಗೆ ಕಳಿಸುತ್ತದೆ. ಎಫ್‌ಎಂ ಸೆಟ್ಟು ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ ಅದರಲ್ಲಿ ಈ ಕಾಟ ಕಡಿಮೆ.

ರಾತ್ರಿಯೇ ಏಕೆ

ಎಎಂ ಅಲೆ ಎರಡು ದಾರಿಯಲ್ಲಿ ಸಾಗುತ್ತದೆ. ಒಂದು ನೆಲ ಹಿಡಿದು ಹೋಗುವ ಅಲೆ. ಮಣ್ಣು ಅದನ್ನು ಹೀರುತ್ತ ಹೋಗುತ್ತದೆ. ತೇವದ ಮಣ್ಣು, ಸಮುದ್ರದ ಉಪ್ಪುನೀರು ಕಡಿಮೆ ಹೀರುತ್ತವೆ, ಒಣ ಕಲ್ಲುನೆಲ ಹೆಚ್ಚು. ದೊಡ್ಡ ಕೇಂದ್ರಕ್ಕೂ ಹಗಲಲ್ಲಿ ಇದರಿಂದ ಸಿಗುವ ಹರವು ನೂರು ಇನ್ನೂರು ಮೈಲಿ ಅಷ್ಟೆ.

ಇನ್ನೊಂದು ಮೇಲಕ್ಕೆ ಹೋಗುವ ಅಲೆ. ನೆಲದಿಂದ ಸುಮಾರು 60 ಕಿಲೊಮೀಟರ್ ಎತ್ತರದಿಂದಾಚೆ ಸೂರ್ಯನ ಕಿರಣ ಗಾಳಿಯ ಅಣುಗಳನ್ನು ಒಡೆದು ವಿದ್ಯುತ್ ಕಣಗಳನ್ನಾಗಿ ಮಾಡಿರುತ್ತದೆ. ಇದೇ ಅಯಾನುಗೋಳ. ಇದರಲ್ಲಿ ಪದರಗಳಿವೆ. ತೀರಾ ಕೆಳಗಿನದು, ಸುಮಾರು 60ರಿಂದ 90 ಕಿಲೊಮೀಟರ್ ಎತ್ತರದ್ದು, ಡಿ ಪದರ. ಗಾಳಿ ಇನ್ನೂ ದಟ್ಟವಾಗಿರುವ ಜಾಗ ಅದು. ಎಎಂ ಅಲೆ ಅಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ, ಅವು ಸುತ್ತಲ ಅಣುಗಳಿಗೆ ಡಿಕ್ಕಿ ಹೊಡೆದು ಅಲೆಯ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಒದ್ದೆ ಕಂಬಳಿಯ ಮೇಲೆ ಚೆಂಡು ಎಸೆದಂತೆ, ಪುಟಿಯುವುದೇ ಇಲ್ಲ.

ಸೂರ್ಯ ಮುಳುಗಿದ ಮೇಲೆ ಆ ಕಣಗಳು ಮತ್ತೆ ಒಂದಕ್ಕೊಂದು ಕೂಡಿಕೊಂಡು ಡಿ ಪದರ ಸ್ವಲ್ಪ ಹೊತ್ತಿನಲ್ಲೇ ಕರಗುತ್ತದೆ. ಅದರ ಮೇಲಿನ ಪದರಗಳಲ್ಲಿ ಗಾಳಿ ಬಲು ತೆಳು. ಕಣಗಳು ಕೂಡಿಕೊಳ್ಳಲು ಹೊತ್ತು ಬೇಕು, ಆದ್ದರಿಂದ ಅವು ರಾತ್ರಿಯೂ ಉಳಿಯುತ್ತವೆ. ಕಂಬಳಿ ಸರಿದ ಕೂಡಲೇ ಅಲೆ ಅಲ್ಲಿಗೆ ತಲುಪಿ, ಬಾಗಿ, ಭೂಮಿಗೆ ಮರಳುತ್ತದೆ. ಮರಳಿ ಬೀಳುವ ಜಾಗ ಕೇಂದ್ರದಿಂದ ನೂರಾರು ಮೈಲಿ ಆಚೆ. ಟೆನೆಸಿಯಲ್ಲಿ ಹೊರಟ ಹಾಡು ಅಯೋವಾದ ಅಡುಗೆಮನೆಯಲ್ಲಿ ಕೇಳುತ್ತಿದ್ದುದು ಹೀಗೆ. ಚಳಿಗಾಲದಲ್ಲಿ ರಾತ್ರಿ ದೀರ್ಘ, ಮಿಂಚೂ ಕಡಿಮೆ. ಹಿರಿಯರ ನೆನಪಿನಲ್ಲಿ ಹಾಡಿನ ಜೊತೆ ಸೌದೆ ಒಲೆ ಬರುವುದು ಆಕಸ್ಮಿಕವಲ್ಲ.

ದನಿ ತೇಲುವುದೇಕೆ

ಮೇಲಿಂದ ಮರಳುವ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದು ಕೆಳಗಿನ ಪದರದಿಂದ ಬಂದರೆ ಇನ್ನೊಂದು ಮೇಲಿನದರಿಂದ, ಮತ್ತೊಂದು ನೆಲಕ್ಕೆ ಒಮ್ಮೆ ಬಡಿದು ಎರಡು ನೆಗೆತದಲ್ಲಿ. ದಾರಿಯ ಉದ್ದ ಬೇರೆಬೇರೆ. 650 ಕಿಲೊಹರ್ಟ್ಸ್‌ನ ಅಲೆಯ ಉದ್ದ ಸುಮಾರು 461 ಮೀಟರ್. ಎರಡು ದಾರಿಗಳ ವ್ಯತ್ಯಾಸ ಅದರ ಅರ್ಧದಷ್ಟು, ಅಂದರೆ 230 ಮೀಟರ್ ಆದರೆ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎರಡೂ ಅಳಿದುಹೋಗುತ್ತವೆ. ವ್ಯತ್ಯಾಸ 461 ಮೀಟರ್ ಆದರೆ ಒಂದಕ್ಕೊಂದು ಕೂಡಿ ದನಿ ಜೋರಾಗುತ್ತದೆ. ಅಯಾನುಗೋಳ ಗಟ್ಟಿ ಚಾವಣಿಯಲ್ಲ, ಕೆರೆಯ ಮೇಲ್ಮೈಯಂತೆ ಸದಾ ಕದಲುತ್ತದೆ. ಹೀಗಾಗಿ ದನಿ ಅರ್ಧ ನಿಮಿಷ ಹತ್ತಿರ, ಅರ್ಧ ನಿಮಿಷ ದೂರ.

ಇನ್ನೊಂದು ಬಗೆಯ ಕಾಟವೂ ಇದೆ. ಕೆಲವೊಮ್ಮೆ ದನಿ ಸಣ್ಣಗಾಗದೆ ಒಡೆದು, ಹಾಡುಗಾರ ಕೊಡದೊಳಗೆ ಬಾಯಿಟ್ಟು ಹಾಡಿದಂತೆ ಕೇಳುತ್ತದೆ. ಹೊರುವ ಅಲೆಯ ಎರಡೂ ಪಕ್ಕದಲ್ಲಿ ಹಾಡಿನ ಸ್ವರಗಳನ್ನು ಹೊತ್ತ ಪಕ್ಕದ ಅಲೆಗಳಿರುತ್ತವೆ. ಅವು ಬಂದು, ನಡುವಿನ ಹೊರುವ ಅಲೆ ಮಾತ್ರ ಅಳಿದುಹೋದಾಗ ಸಾಮಾನ್ಯ ರೇಡಿಯೊಗೆ ಎತ್ತರವನ್ನು ಸರಿಯಾಗಿ ಓದಲು ಬರುವುದಿಲ್ಲ. ಇದಕ್ಕೆ ಕೇಳುಗ ಮಾಡುವಂಥದ್ದು ಏನೂ ಇಲ್ಲ, ಕೆಲ ಸೆಕೆಂಡು ಕಾಯಬೇಕು.

ಎಲ್ಲಕ್ಕಿಂತ ಪಾಡು ಪಡುವವರು ತೀರಾ ದೂರದವರಲ್ಲ, ಕೇಂದ್ರದಿಂದ ನೂರು ಮೈಲಿ ಆಸುಪಾಸಿನವರು. ಅಲ್ಲಿ ನೆಲದ ಅಲೆಯೂ ಆಕಾಶದ ಅಲೆಯೂ ಸರಿಸಮ ಬಲದಲ್ಲಿ ಬಂದು ಕುಸ್ತಿಗೆ ಬೀಳುತ್ತವೆ. ಡಬ್ಲ್ಯುಎಸ್‌ಎಂ ಗೋಪುರವೇ ಈ ಕಾರಣಕ್ಕೆ ಕುಗ್ಗಿತು. ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್‌ನಲ್ಲಿ 1932ರಲ್ಲಿ ಎದ್ದ ಆ ಗೋಪುರ ವಿಚಿತ್ರ ಆಕಾರದ್ದು: ಮೇಲೂ ಕೆಳಗೂ ಚೂಪು, ನಡುವೆ ದಪ್ಪ, ಬುಗುರಿಯನ್ನು ಉದ್ದಕ್ಕೆ ಎಳೆದಂತೆ. ಎತ್ತರ 878 ಅಡಿ. ಅಷ್ಟು ಎತ್ತರದಲ್ಲಿ ಮೇಲಕ್ಕೆ ಹೋಗುವ ಅಲೆ ಬೇಡದ ಕೋನದಲ್ಲಿ ಹೊರಟು ಹತ್ತಿರದ ಊರುಗಳಲ್ಲೇ ಬಿದ್ದು ನೆಲದ ಅಲೆಯನ್ನು ಕೆಡಿಸುತ್ತಿತ್ತು. ಗೋಪುರವನ್ನು 808 ಅಡಿಗೆ ಇಳಿಸಿದರು. ಅಲೆಯ ಉದ್ದದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಈಗಲೂ ಅದೇ ಗೋಪುರ, ಅದೇ ಎತ್ತರ.

ಒಂದು ಕೇಂದ್ರ ದೇಶಕ್ಕೆಲ್ಲ ಸಾಕಾದದ್ದು

ಭೌತಶಾಸ್ತ್ರವೊಂದೇ ಇದ್ದಿದ್ದರೆ ಸಾಲುತ್ತಿರಲಿಲ್ಲ. ರಾತ್ರಿ ನಿಮ್ಮ ಕೇಂದ್ರ ದೂರ ಹೋಗುತ್ತದೆ ಎಂದರೆ ಎಲ್ಲರ ಕೇಂದ್ರವೂ ಹೋಗುತ್ತದೆ. ಒಂದೇ ಆವರ್ತನದಲ್ಲಿ ಹತ್ತು ಊರು ಕೂಗಿದರೆ ಸಂತೆಯ ಗದ್ದಲ. ಅದಕ್ಕೆ ಅಮೆರಿಕದ ಸರ್ಕಾರ 1928ರಲ್ಲಿ ಕೆಲವು ಆವರ್ತನಗಳನ್ನು ರಾತ್ರಿ ಹೊತ್ತು ಇಡೀ ದೇಶಕ್ಕೆ ಒಂದೇ ಕೇಂದ್ರಕ್ಕೆ ಬಿಟ್ಟುಕೊಟ್ಟಿತು. ಇವನ್ನು ‘ಕ್ಲಿಯರ್ ಚಾನೆಲ್’ ಎಂದರು. ಸಣ್ಣಪುಟ್ಟ ಕೇಂದ್ರಗಳು ಇಲ್ಲದ ಹಳ್ಳಿಗಾಡಿಗೂ ರಾತ್ರಿ ಏನಾದರೂ ಕೇಳಲಿ ಎನ್ನುವುದು ಉದ್ದೇಶ. 650 ಡಬ್ಲ್ಯುಎಸ್‌ಎಂ ಪಾಲಾಯಿತು, 1932ರಿಂದ 50,000 ವಾಟ್ ಬಲದಲ್ಲಿ.

50,000 ವಾಟ್ ಎಂದರೆ 5,000ಕ್ಕಿಂತ ಹತ್ತು ಪಟ್ಟು ದೂರ ಎಂದು ತಿಳಿಯಬಾರದು. ವಾಟ್ ಹತ್ತು ಪಟ್ಟಾದರೆ ಒಂದೇ ಜಾಗದಲ್ಲಿ ಅಲೆಯ ಬಲ ಹೆಚ್ಚುವುದು ಸುಮಾರು ಮೂರು ಪಟ್ಟು ಮಾತ್ರ. ಸಿನ್ಸಿನಾಟಿಯ ಡಬ್ಲ್ಯುಎಲ್‌ಡಬ್ಲ್ಯು 1934ರಿಂದ 1939ರವರೆಗೆ ಪ್ರಯೋಗಕ್ಕೆಂದು 5,00,000 ವಾಟ್‌ನಲ್ಲಿ ಕೂಗಿತು. ಬೇರೆ ಕೇಂದ್ರಗಳ ತಕರಾರು ಹೆಚ್ಚಿ ಮತ್ತೆ 50,000ಕ್ಕೆ ಇಳಿಯಿತು. ಆ ಮಿತಿ ಇಂದಿಗೂ ಹಾಗೇ ಇದೆ.

ಮಿತಿ ಇಲ್ಲದ ಒಂದು ಜಾಗವಿತ್ತು, ಗಡಿಯಾಚೆ. ಅಮೆರಿಕ ಮತ್ತು ಕೆನಡಾ ಒಳ್ಳೆಯ ಆವರ್ತನಗಳನ್ನೆಲ್ಲ ತಮ್ಮೊಳಗೇ ಹಂಚಿಕೊಂಡು ಮೆಕ್ಸಿಕೊವನ್ನು ಕೇಳಲೇ ಇಲ್ಲ. ಮೆಕ್ಸಿಕೊ ಸುಮ್ಮನಿರಲಿಲ್ಲ, ಯಾರು ಬಂದು ಕೇಳಿದರೂ ಪರವಾನಗಿ ಕೊಟ್ಟಿತು. ಆಡಿನ ವೃಷಣದ ಶಸ್ತ್ರಚಿಕಿತ್ಸೆಯಿಂದ ಗಂಡಸುತನ ಮರಳುತ್ತದೆ ಎಂದು ಸಾರಿ, ಕ್ಯಾನ್ಸಸ್‌ನಲ್ಲಿ ರೇಡಿಯೊ ಪರವಾನಗಿ ಕಳೆದುಕೊಂಡಿದ್ದ ಜಾನ್ ಬ್ರಿಂಕ್ಲಿ ಎಂಬಾತ 1931ರಲ್ಲಿ ಟೆಕ್ಸಸ್‌ನ ಡೆಲ್ ರಿಯೊ ಎದುರಿಗಿರುವ ವಿಯಾ ಅಕೂನ್ಯದಲ್ಲಿ ಕೇಂದ್ರ ಹಾಕಿದ. ಅದೇ ಮುಂದೆ ಎಕ್ಸ್ಇಆರ್‌ಎ ಆಯಿತು. ಜಾಹೀರಾತಿಗೆ ನಕಲಿ ಔಷಧ, ಜನರನ್ನು ಹಿಡಿದಿಡಲು ಹಾಡು. 1938ರಿಂದ ಅಲ್ಲಿ ಹಾಡಿದವರು ವರ್ಜೀನಿಯಾದ ಬೆಟ್ಟಸೀಮೆಯ ಕಾರ್ಟರ್ ಕುಟುಂಬ. ಅರ್ಕಾನ್ಸಾದ ಹತ್ತಿ ಹೊಲದ ಮನೆಯಲ್ಲಿ ಅದನ್ನು ಕೇಳುತ್ತಿದ್ದ ಹುಡುಗರಲ್ಲಿ, ಮುಂದೆ ಹೆಸರಾಂತ ಕಂಟ್ರಿ ಗಾಯಕನಾದ ಜಾನಿ ಕ್ಯಾಶ್ ಒಬ್ಬ. ಮುಂದೆ ಅವನು ಮದುವೆಯಾದದ್ದು ಅದೇ ಕುಟುಂಬದ ಜೂನ್ ಕಾರ್ಟರ್‌ಳನ್ನು. ಆವರ್ತನಗಳ ಬಗ್ಗೆ ಉತ್ತರ ಅಮೆರಿಕದ ದೇಶಗಳು ಮಾಡಿಕೊಂಡ ಹೊಸ ಒಪ್ಪಂದ 1941ರಲ್ಲಿ ಜಾರಿಗೆ ಬಂತು. ಎಕ್ಸ್ಇಆರ್‌ಎ ಆ ವರ್ಷವೇ ಬಾಯಿ ಮುಚ್ಚಿತು.

ಶನಿವಾರ, ವಿಮೆ ಕಂಪನಿ, ಮೈದಾಹಿಟ್ಟು

ಹಳ್ಳಿ ಹಾಡಿನ ಕಾರ್ಯಕ್ರಮಗಳನ್ನು ‘ಬಾರ್ನ್ ಡ್ಯಾನ್ಸ್’ ಎನ್ನುತ್ತಿದ್ದರು. ಕಣಜದ ಕೊಟ್ಟಿಗೆಯಲ್ಲಿ ಸುಗ್ಗಿ ಮುಗಿದ ಮೇಲೆ ನಡೆಯುವ ಕುಣಿತ ಎಂದು ಅರ್ಥ. ಫೋರ್ಟ್ ವರ್ತ್‌ನ ಡಬ್ಲ್ಯುಬಿಎಪಿ 1923ರಲ್ಲೇ ಒಂದನ್ನು ನಡೆಸಿತು. ಶಿಕಾಗೊದ ಡಬ್ಲ್ಯುಎಲ್‌ಎಸ್ 1924ರಲ್ಲಿ. ಅದರ ಹೆಸರಿನ ಅಕ್ಷರಗಳು ‘ಜಗತ್ತಿನ ಅತಿ ದೊಡ್ಡ ಅಂಗಡಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಅಂಚೆಯಲ್ಲಿ ಸಾಮಾನು ಮಾರುವ ಸಿಯರ್ಸ್ ಕಂಪನಿ ಆಗ ಅದರ ಒಡೆಯ. ಡಬ್ಲ್ಯುಎಸ್‌ಎಂನ ಆಗಿನ ಒಡೆಯರದು ವಿಮೆ ವ್ಯಾಪಾರ. ‘ಲಕ್ಷಾಂತರ ಜನಕ್ಕೆ ನಾವು ರಕ್ಷೆ’ ಎನ್ನುವ ಅವರ ಘೋಷಣೆಯಿಂದ ಅಕ್ಷರ ಬಂತು. ವಾರಕ್ಕೆ ಇಷ್ಟು ಸೆಂಟ್ ಎಂದು ಕಂತು ಕಟ್ಟಿಸಿಕೊಳ್ಳುವ ಏಜೆಂಟ್ ಹಳ್ಳಿಯ ಬಾಗಿಲು ತಟ್ಟಿದಾಗ ‘ಆಪ್ರಿ ಕಂಪನಿಯವನು’ ಎಂದರೆ ಬಾಗಿಲು ತೆರೆಯುತ್ತಿತ್ತು. ಮುಂದೆ ಹೊಗೆಸೊಪ್ಪು, ಮೈದಾಹಿಟ್ಟಿನವರು ಪ್ರಾಯೋಜಕರಾದರು. ಶನಿವಾರ ಸಂತೆಗೆ ಹೋಗಿಬಂದು, ಭಾನುವಾರ ಚರ್ಚಿಗೆ ಹೋಗುವ ಮೊದಲು ರೈತನಿಗೆ ಸಿಗುವ ಬಿಡುವು ಆ ಒಂದು ರಾತ್ರಿ.

1925ರ ನವೆಂಬರ್ 28ರಂದು ನಿರೂಪಕ ಜಾರ್ಜ್ ಹೇ ಮೈಕಿನ ಮುಂದೆ ಕೂರಿಸಿದ್ದು 77 ವರ್ಷದ ಪಿಟೀಲುಗಾರ ಅಂಕಲ್ ಜಿಮ್ಮಿ ಥಾಂಪ್ಸನ್‌ನನ್ನು. ಎರಡು ವರ್ಷದ ಮೇಲೆ ಕಾರ್ಯಕ್ರಮಕ್ಕೆ ಈಗಿನ ಹೆಸರು ಬಂತು. ಶನಿವಾರ ಆ ಕಾರ್ಯಕ್ರಮಕ್ಕೆ ಮುಂಚೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಒಂದು ಗಂಟೆ ಇರುತ್ತಿತ್ತು. ಒಮ್ಮೆ ಅದು ಮುಗಿದ ಮೇಲೆ ಡಿಫೋರ್ಡ್ ಬೇಲಿ ಎಂಬ ಕಪ್ಪು ವರ್ಣದ ಕಲಾವಿದ ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದ. ಹೇ ನಗುತ್ತ, ಇಷ್ಟು ಹೊತ್ತು ‘ಗ್ರ್ಯಾಂಡ್ ಆಪೆರಾ’ ಕೇಳಿದಿರಿ, ಇನ್ನು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದುಬಿಟ್ಟ. ನಮ್ಮಲ್ಲಿ ‘ಶಾಸ್ತ್ರೀಯ’ವನ್ನು ಬೇಕೆಂದೇ ‘ಸಾಸ್ತ್ರೀಯ’ ಎಂದು ಅಣಕಿಸಿದ ಹಾಗೆ. ಬೇಲಿ ಬಾಯಲ್ಲಿ ನುಡಿಸಿದ ‘ಪ್ಯಾನ್ ಅಮೆರಿಕನ್’ ನಿಜವಾದ ರೈಲು. ಮುಂದೆ ಗೋಪುರದ ಬಳಿ ಹಳಿಯ ಪಕ್ಕಕ್ಕೇ ಮೈಕ್ ಇಟ್ಟು, ದಿನವೂ ಅದು ಹಾದುಹೋಗುವಾಗಿನ ಸೀಟಿಯನ್ನು ಡಬ್ಲ್ಯುಎಸ್‌ಎಂ ಬಿತ್ತರಿಸುತ್ತಿತ್ತು.

ಬ್ಯಾಟರಿ ಲೆಕ್ಕ

1930ರ ದಶಕದ ನಡುವಿನಲ್ಲಿ ಅಮೆರಿಕದ ಹೊಲಮನೆಗಳಲ್ಲಿ ವಿದ್ಯುತ್ ಇದ್ದುದು ಹತ್ತರಲ್ಲಿ ಒಂದಕ್ಕೆ. ಉಳಿದವರದು ಬ್ಯಾಟರಿ ಸೆಟ್. ವಾಲ್ವ್ ರೇಡಿಯೊಗೆ ಒಂದೇ ಬ್ಯಾಟರಿ ಸಾಲದು. ವಾಲ್ವಿನೊಳಗಿನ ತಂತಿಯನ್ನು ಕಾಯಿಸಲು ‘ಎ’ ಬ್ಯಾಟರಿ: ವೋಲ್ಟ್ ಕಡಿಮೆ, ಕರೆಂಟ್ ಹೆಚ್ಚು. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳಲು ‘ಬಿ’ ಬ್ಯಾಟರಿ: ಸಾಮಾನ್ಯವಾಗಿ 45 ವೋಲ್ಟ್‌ನ ಎರಡು ಅಥವಾ ಮೂರು ಡಬ್ಬಿ ಸಾಲಾಗಿ, ಅಂದರೆ 90 ಅಥವಾ 135 ವೋಲ್ಟ್. ಹಲವು ಸೆಟ್‌ಗಳಿಗೆ ಸಣ್ಣ ‘ಸಿ’ ಬ್ಯಾಟರಿಯೂ ಬೇಕಿತ್ತು.

‘ಎ’ ಸೀಸದ ಬ್ಯಾಟರಿಯಾದರೆ ಪೇಟೆಗೆ ಒಯ್ದು ಚಾರ್ಜ್ ಮಾಡಿಸಬಹುದು. ‘ಬಿ’ ಒಣ ಬ್ಯಾಟರಿ, ಮುಗಿದರೆ ಎಸೆಯಬೇಕು, ಬೆಲೆಯೂ ಹೆಚ್ಚು. ಬಿ ಬ್ಯಾಟರಿ ಬತ್ತುತ್ತ ಬಂದಂತೆ ದನಿ ಸಣ್ಣಗಾಗಿ ಒಡೆಯುತ್ತದೆ. ಆಗ ಸೆಟ್ ಕೆಟ್ಟಿತೆಂದು ಬಿಚ್ಚಿ ಕೆಡಿಸಿಕೊಂಡವರೂ ಕಡಿಮೆಯಿಲ್ಲ. ದಶಕದ ನಡುವೆ 6 ವೋಲ್ಟ್ ಒಂದರಲ್ಲೇ ನಡೆಯುವ ಸೆಟ್ ಬಂತು. ಒಳಗೊಂದು ಪುಟ್ಟ ವೈಬ್ರೇಟರ್ ಕರೆಂಟನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು ವೋಲ್ಟ್ ಏರಿಸುತ್ತಿತ್ತು. ಆಗಿನ ಕಾರಿನ ಬ್ಯಾಟರಿಯೂ 6 ವೋಲ್ಟೇ. ಟ್ರಕ್ಕಿನ ಬ್ಯಾಟರಿ ಕಳಚಿ ಒಳಗೆ ತಂದರೆ ಹಾಡು ಸಿದ್ಧ. ಚಾವಣಿಗೆ ಗಾಳಿಗಿರಣಿ ಹಾಕಿ ಅದನ್ನೇ ಚಾರ್ಜ್ ಮಾಡುವ ಸಾಧನವೂ ರೇಡಿಯೊ ಜೊತೆಗೇ ಮಾರಾಟವಾಗುತ್ತಿತ್ತು. ಮುಂದೆ ಹೆಸರಾಂತ ಕಂಟ್ರಿ ಗಾಯಕಿಯಾದ, ಕೆಂಟಕಿಯ ಗಣಿಗಾರನ ಮಗಳು ಲೊರೆಟ್ಟಾ ಲಿನ್ ಮೊದಲು ಆಪ್ರಿ ಕೇಳಿದ್ದು ಬ್ಯಾಟರಿ ರೇಡಿಯೊದಲ್ಲಿ. ವಾರವೆಲ್ಲ ಬಾಯಿ ಕಟ್ಟಿ ಶನಿವಾರಕ್ಕೆ ಬ್ಯಾಟರಿ ಉಳಿಸುವುದು ಅಂಥ ಮನೆಗಳ ಶಿಸ್ತು.

ಎಎಂನಿಂದ ಹೋದದ್ದು, ಕಾರಿನಿಂದ ಹೋಗುತ್ತಿರುವುದು

ಎಎಂ ಸೆಟ್‌ಗಳು ಸಾಮಾನ್ಯವಾಗಿ 5 ಕಿಲೊಹರ್ಟ್ಸ್‌ಗಿಂತ ಮೇಲಿನ ಸ್ವರವನ್ನು ಕತ್ತರಿಸಿಬಿಡುತ್ತವೆ. ಎಫ್‌ಎಂ 15 ಕಿಲೊಹರ್ಟ್ಸ್‌ವರೆಗೆ ಕೊಡುತ್ತದೆ, ಸ್ಟೀರಿಯೊ ಬೇರೆ. 1970ರ ದಶಕ ಮುಗಿಯುವ ಹೊತ್ತಿಗೆ ಸಂಗೀತ ಅತ್ತ ಹೋಯಿತು. ಎಎಂಗೆ ಉಳಿದದ್ದು ಮಾತು, ಸುದ್ದಿ, ಆಟ. ರಾತ್ರಿ ಲಾರಿ ಓಡಿಸುವವರು ಮಾತ್ರ ಇನ್ನಷ್ಟು ದಿನ ಬಿಡಲಿಲ್ಲ: ಎಫ್‌ಎಂ ಕೇಂದ್ರ ಐವತ್ತು ಅರವತ್ತು ಮೈಲಿಗೊಮ್ಮೆ ಕೈಕೊಡುತ್ತದೆ, ಎಎಂ ರಾತ್ರಿಯಿಡೀ ಜೊತೆಗಿರುತ್ತದೆ. ಫೋರ್ಟ್ ವರ್ತ್‌ನಿಂದ ಬಿಲ್ ಮ್ಯಾಕ್ 1969ರಲ್ಲಿ ಅವರಿಗಾಗಿಯೇ ಕಂಟ್ರಿ ಹಾಡಿನ ರಾತ್ರಿ ಕಾರ್ಯಕ್ರಮ ಶುರು ಮಾಡಿದ. ಕ್ಲಿಯರ್ ಚಾನೆಲ್ ರಕ್ಷಣೆಯನ್ನೂ 1980ರಲ್ಲಿ ಕೇಂದ್ರದಿಂದ ಸುಮಾರು 750 ಮೈಲಿ ದೂರಕ್ಕೆ ಇಳಿಸಿದರು.

ಎಲೆಕ್ಟ್ರಿಕ್ ಕಾರಿನ ತೊಂದರೆ ಬೇರೆ. ಬ್ಯಾಟರಿಯ ನೇರ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರ್, ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಥಟ್ಟನೆ ಕಡಿದು ಜೋಡಿಸುತ್ತದೆ. ಹಾಗೆ ಕಡಿದಾಗಲೆಲ್ಲ ಹುಟ್ಟುವ ಕಲಕಲ ಎಎಂ ಬ್ಯಾಂಡಿನವರೆಗೂ ಹರಡುತ್ತದೆ. ಕವಚದ ತಂತಿ, ಫಿಲ್ಟರ್ ಹಾಕಿ ತಡೆಯಬಹುದು, ಖರ್ಚು ಬರುತ್ತದೆ. ಕೆಲವು ಕಂಪನಿಗಳು ಅದರ ಬದಲು ಬ್ಯಾಂಡನ್ನೇ ತೆಗೆದವು. ಫೋರ್ಡ್ ತೆಗೆಯುತ್ತೇನೆಂದು ಹೇಳಿ 2023ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು.

ಈಗ ಕೇಳುವುದು ಹೇಗೆ

ಭಾರತದಿಂದ ಇಂಟರ್ನೆಟ್ಟೇ ದಾರಿ. ಡಬ್ಲ್ಯುಎಸ್‌ಎಂ ಅಲ್ಲೂ ಬಿತ್ತರವಾಗುತ್ತದೆ. ಶನಿವಾರದ ಆಪ್ರಿ ಅಲ್ಲಿ ಸಂಜೆ 7ಕ್ಕೆ, ಅಂದರೆ ನಮಗೆ ಭಾನುವಾರ ಬೆಳಿಗ್ಗೆ 6.30, ಅವರ ಬೇಸಿಗೆ ಸಮಯದಲ್ಲಿ 5.30.

ಅಮೆರಿಕದ ಮಧ್ಯ ಮತ್ತು ಪೂರ್ವ ಭಾಗದಲ್ಲಿರುವ ಕನ್ನಡಿಗರು ಗಾಳಿಯಲ್ಲೇ ಹಿಡಿಯಬಹುದು. ಊರಿನಿಂದ ಒಯ್ದ ಡಿಜಿಟಲ್ ರೇಡಿಯೊ ಆದರೆ ಮೊದಲು ಹೆಜ್ಜೆ ನೋಡಿ. ಭಾರತದಲ್ಲಿ ಕೇಂದ್ರಗಳ ನಡುವೆ 9 ಕಿಲೊಹರ್ಟ್ಸ್ ಅಂತರ, ಅಮೆರಿಕದಲ್ಲಿ 10. 9ರ ಹೆಜ್ಜೆಯ ಸೆಟ್ 648ರಿಂದ 657ಕ್ಕೆ ಹಾರುತ್ತದೆ, 650 ಸಿಗುವುದಿಲ್ಲ. ಅಲ್ಲಿಂದ ತಂದ ಸೆಟ್‌ನಲ್ಲಿ 612 ಸಿಗದಿರುವುದೂ ಇದಕ್ಕೇ. ಹೆಚ್ಚಿನ ಸೆಟ್‌ಗಳಲ್ಲಿ ಇದನ್ನು ಬದಲಿಸುವ ಗುಂಡಿ ಇರುತ್ತದೆ. ಮುಳ್ಳಿನ ಸೆಟ್‌ಗೆ ಈ ತಲೆನೋವಿಲ್ಲ.

ಸೂರ್ಯ ಮುಳುಗಿ ಒಂದು ಗಂಟೆ ಬಿಡಿ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್ ಆರಿಸಿ, ಕಿಟಕಿ ಬಳಿ ಹೋಗಿ. ಸೆಟ್ಟಿನೊಳಗೆ ಕಪ್ಪು ಫೆರೈಟ್ ಕಡ್ಡಿಯ ಏರಿಯಲ್ ಇರುತ್ತದೆ. ಮೇಲೆ ಎಳೆಯುವ ಕಡ್ಡಿ ಎಎಂಗೆ ಉಪಯೋಗವಿಲ್ಲ. ಫೆರೈಟ್ ಕಡ್ಡಿಯ ಪಕ್ಕ ಕೇಂದ್ರದತ್ತ ಇದ್ದಾಗ ದನಿ ಜೋರು, ತುದಿ ಇದ್ದಾಗ ತೀರಾ ಕ್ಷೀಣ. ಆದ್ದರಿಂದ ಸೆಟ್ಟನ್ನೇ ನಿಧಾನ ತಿರುಗಿಸಬೇಕು.

ಸಾಲದಿದ್ದರೆ ಲೂಪ್ ಮಾಡಿಕೊಳ್ಳಿ. 45 ಸೆಂಟಿಮೀಟರ್ ಚೌಕದ, 10 ಸೆಂಟಿಮೀಟರ್ ಅಗಲದ ಮರದ ಅಥವಾ ರಟ್ಟಿನ ಚೌಕಟ್ಟಿಗೆ ಹೊದಿಕೆಯಿರುವ ತಂತಿಯನ್ನು 18 ಸುತ್ತು ಸುತ್ತಿ. ಸುಮಾರು 34 ಮೀಟರ್ ಬೇಕು. ಸುತ್ತಿನ ನಡುವೆ 5-6 ಮಿಲಿಮೀಟರ್ ಬಿಡಿ. ಒತ್ತೊತ್ತಾಗಿ ಸುತ್ತಿದರೆ ಬ್ಯಾಂಡಿನ ಮೇಲ್ತುದಿಯ ಕೇಂದ್ರಗಳು ಕೈಗೆ ಸಿಗುವುದಿಲ್ಲ. ಎರಡೂ ತುದಿಗಳನ್ನು ಹಳೆ ರೇಡಿಯೊದ 365 ಪಿಕೊಫ್ಯಾರಡ್ ಗ್ಯಾಂಗ್ ಕಂಡೆನ್ಸರ್‌ನ (ಕೇಂದ್ರ ಹುಡುಕಲು ತಿರುಗಿಸುವ ಬಿಡಿಭಾಗ) ಒಂದು ಭಾಗಕ್ಕೆ ಬೆಸೆಯಿರಿ. ರೇಡಿಯೊಗೆ ತಂತಿ ಜೋಡಿಸುವುದು ಬೇಡ. ಸೆಟ್ಟನ್ನು ಲೂಪಿನ ಪಕ್ಕ, ಒಳಗಿನ ಕಡ್ಡಿಯ ತುದಿ ಚೌಕಟ್ಟಿನ ತೂತಿನತ್ತ ಇರುವಂತೆ ಇಟ್ಟು ಗ್ಯಾಂಗ್ ತಿರುಗಿಸಿ. ಒಂದು ಜಾಗದಲ್ಲಿ ದನಿ ದಿಢೀರ್ ಏಳುತ್ತದೆ. ಏಳದಿದ್ದರೆ ಹೆಚ್ಚಿನ ಸಲ ಕಡ್ಡಿ ಅಡ್ಡಡ್ಡ ನಿಂತಿರುತ್ತದೆ. ಇದೇ ಲೂಪ್ ಇಲ್ಲಿ ಧಾರವಾಡ ಹಿಡಿಯಲೂ ಆಗುತ್ತದೆ.

ಸಿಕ್ಕಿದ್ದು ಡಬ್ಲ್ಯುಎಸ್‌ಎಂ ಹೌದೋ ಅಲ್ಲವೋ ಎಂದು ಹಾಡಿನಿಂದ ಹೇಳಲಾಗದು. ಅಲ್ಲಿನ ನಿಯಮದಂತೆ ಪ್ರತಿ ಕೇಂದ್ರ ಗಂಟೆಗೊಮ್ಮೆ, ಗಂಟೆ ಹೊಡೆಯುವ ಆಸುಪಾಸಿನಲ್ಲಿ, ತನ್ನ ಅಕ್ಷರ ಮತ್ತು ಊರಿನ ಹೆಸರು ಹೇಳಲೇಬೇಕು. ಅದಕ್ಕೆ ಎರಡು ನಿಮಿಷ ಮುಂಚೆಯೇ ಕಿವಿಗೊಟ್ಟು ಕೂತಿರಿ. ದನಿ ದೂರ ಸರಿಯುವುದು ಹೆಸರು ಹೇಳುವ ಆ ಗಳಿಗೆಯಲ್ಲೇ ಆಗಿಬಿಟ್ಟರೆ ಇನ್ನೊಂದು ಗಂಟೆ ಕಾಯಬೇಕಾಗುತ್ತದೆ.